ಕೊರಿಯಾದ ಜಾಡಿ, ಹವಲ್ಲಿಯ ಪೆಟ್ಟಿಗೆ

ನಮ್ಮ ಮನೆಯ ಟೀಪಾಯಿಯನ್ನು ನೀವೊಮ್ಮೆ ನೋಡಬೇಕು. ಮೇಲೆ ನನ್ನ ಹೆಂಡತಿ ಲಿಲ್ಲಿ ಹೆಣೆದ ಬಿಳಿ ಕ್ರೋಶಾ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಬಂದವರು ಚಹಾದ ಕಪ್ಪು ಇಟ್ಟ ಕೂಡಲೇ ಅದು ಸ್ವಲ್ಪ ಒಳಕ್ಕೆ ತಗ್ಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ಹಳಬರು ನಗುತ್ತಾರೆ. ಬಟ್ಟೆಯ ಕೆಳಗಿರುವುದು ಊರಿಗೆ ಒಯ್ಯುವ ರಟ್ಟಿನ ಪೆಟ್ಟಿಗೆ. ಜುಲೈ ರಜೆಗೆ ನಾವು ಜನವರಿಯಿಂದಲೇ ತುಂಬಲು ಶುರು ಮಾಡುತ್ತೇವೆ. ಈ ವಾರ ಎರಡು ಸೋಪು, ಮುಂದಿನ ವಾರ ಒಂದು ಟಾರ್ಚು, ಸಂಬಳದ ವಾರ ಅಮ್ಮನಿಗೊಂದು ಕಂಬಳಿ. ಆರು ತಿಂಗಳು ಟೀಪಾಯಿಯಾಗಿ ದುಡಿದು, ಏಳನೆಯ ತಿಂಗಳು ಹಗ್ಗ ಬಿಗಿಸಿಕೊಂಡು ವಿಮಾನ ಹತ್ತುತ್ತದೆ. ಕುವೈತಿನಲ್ಲಿರುವ ನಮ್ಮ ಕರಾವಳಿಯವರ ಮನೆಗಳಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ.

ದೊಡ್ಡ ಸಂಗತಿ ಏನೆಂದರೆ ಆ ಹಗ್ಗ. ಇಡೀ ಮೈದಾನ್ ಹವಲ್ಲಿಯಲ್ಲಿ ನನ್ನ ಹಾಗೆ ಪೆಟ್ಟಿಗೆ ಕಟ್ಟುವವರು ಯಾರೂ ಇಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದದ್ದಕ್ಕೆ ಸ್ವಲ್ಪ ಬೇಸರವಿದೆ, ಆದರೆ ಬೇರೆ ಯಾರೂ ಹೇಳುವುದಿಲ್ಲ. ಉದ್ದಕ್ಕೆ ಮೂರು ಸುತ್ತು, ಅಡ್ಡಕ್ಕೆ ನಾಲ್ಕು, ಹಗ್ಗ ಕೂಡುವಲ್ಲೆಲ್ಲ ಒಂದು ಗಂಟು. ಆಮೇಲೆ ದಪ್ಪ ಮಾರ್ಕರಿನಲ್ಲಿ ಆರೂ ಬದಿಗೆ ನನ್ನ ಹೆಸರು, ತಂದೆಯ ಹೆಸರು, ಊರು, ಅಂಚೆ, ತಾಲ್ಲೂಕು. ತಳಭಾಗಕ್ಕೂ ಬರೆಯುತ್ತೀಯಲ್ಲ, ಅದನ್ನು ಯಾರು ಓದುತ್ತಾರೆ ಎಂದು ಕೆಳಗಿನ ಬಕಾಲಾದ, ಅಂದರೆ ದಿನಸಿ ಅಂಗಡಿಯ, ಹಮೀದಾಕ ಕೇಳುವುದುಂಟು. ಅವರು ಉಳ್ಳಾಲದ ಕಡೆಯ ಬ್ಯಾರಿ, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ನನಗಾಗಿಯೇ ತೆಗೆದಿಡುವ ಪುಣ್ಯಾತ್ಮ. ವಿಮಾನದವರು ತಲೆಕೆಳಗೆ ಇಟ್ಟರೆ ಗೊತ್ತಾಗಬೇಡವಾ ಎನ್ನುತ್ತೇನೆ ನಾನು.

ಈ ಟೀಪಾಯಿಯ ಮೇಲೆ ಒಂದು ಸಂಜೆ ಒಂದು ಪುಸ್ತಕ ಬಂದು ಕೂತಿತ್ತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಗಳು ರೆನಿಟಾ ಆಗ ಐದನೆಯ ಕ್ಲಾಸು. ಶಾಲೆಯ ಲೈಬ್ರರಿಯಿಂದ ತಂದ ಇಂಗ್ಲಿಷ್ ಕಾದಂಬರಿ, ಮಕ್ಕಳಿಗೆಂದು ಬರೆದದ್ದು. ಮುಖಪುಟದಲ್ಲಿ ಹಿಮ, ಹಿಮದ ಮೇಲೆ ಒಬ್ಬಳು ಹುಡುಗಿ, ಹುಡುಗಿಯ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಜಾಡಿ. ನನ್ನ ಕಣ್ಣು ಮೊದಲು ಹೋದದ್ದು ಆ ಕಟ್ಟಿನ ಗಂಟಿಗೆ. ಪರವಾಗಿಲ್ಲ, ಚೆನ್ನಾಗಿಯೇ ಕಟ್ಟಿದ್ದಾರೆ ಅಂದುಕೊಂಡು ಕೈಗೆತ್ತಿಕೊಂಡೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾನು ಏಳನೆಯವರೆಗೆ ಚರ್ಚಿನ ಕನ್ನಡ ಶಾಲೆಯಲ್ಲಿ ಓದಿದವನು. ಮನೆಮಾತು ಕೊಂಕಣಿ, ಅಂಗಳದ ಮಾತು ತುಳು, ಪುಸ್ತಕದ ಮಾತು ಕನ್ನಡ. ಇಂಗ್ಲಿಷ್ ಎಂದರೆ ಆಫೀಸಿನದ್ದು: ಇನ್‌ವಾಯ್ಸು, ಶಿಪ್‌ಮೆಂಟು, ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’. ಹಿಮ ಬೀಳುವ ಇಂಗ್ಲಿಷ್ ನನಗೆ ಬಾರದು. ಆದ್ದರಿಂದ ಹತ್ತು ವರ್ಷದ ಮಕ್ಕಳ ಪುಸ್ತಕಕ್ಕೆ ನಲವತ್ತನಾಲ್ಕು ವರ್ಷದ ನಾನು ಡಿಕ್ಷನರಿ ಹಿಡಿದು ಕೂತೆ. ರೆನಿಟಾ ಪಕ್ಕದಲ್ಲಿ ಕೂತು, ನಾನು ತಡವರಿಸಿದಲ್ಲೆಲ್ಲ ದೊಡ್ಡವಳ ಹಾಗೆ ನಿಟ್ಟುಸಿರು ಬಿಡುತ್ತಿದ್ದಳು.

ಕಥೆ ಕೊರಿಯಾದ್ದು. ಯುದ್ಧ ಬಂದಿದೆ, ಚಳಿಗಾಲ, ಒಂದು ಮನೆಯವರು ಉತ್ತರದಿಂದ ದಕ್ಷಿಣಕ್ಕೆ ನಡೆದು ಹೊರಟಿದ್ದಾರೆ. ಸ್ವಾತಂತ್ರ್ಯ ಅಲ್ಲಿದೆ ಎಂದು ಅಪ್ಪ ಹೇಳಿದ್ದಾನೆ. ಎಷ್ಟು ದೂರ ಎಂದು ಅವನಿಗೂ ಗೊತ್ತಿಲ್ಲ. ಯುನ್‌ಹೀ ಎಂಬ ಹನ್ನೊಂದು ವರ್ಷದ ಹುಡುಗಿ, ಅವಳ ತಮ್ಮ, ಅಮ್ಮ, ಅಜ್ಜಿ. ಅಜ್ಜಿ ಒಂದು ಜಾಡಿ ಹಿಡಿದುಕೊಂಡಿದ್ದಾಳೆ. ಅದರಲ್ಲಿ ಸೋಯಾ ಕಾಳನ್ನು ಬೇಯಿಸಿ, ಅರೆದು, ತಿಂಗಳುಗಟ್ಟಲೆ ಹುಳಿಬರಿಸಿದ ಮುದ್ದೆ. ನಮ್ಮಲ್ಲಿ ಉಪ್ಪಿನಕಾಯಿಯ ಭರಣಿ ಇದ್ದ ಹಾಗೆ. ಪ್ರಾಣ ಉಳಿಸಿಕೊಳ್ಳಲು ಓಡುವಾಗ ಜಾಡಿ ಯಾಕಮ್ಮಾ ಎಂದು ಮಗ ಬೈಯುತ್ತಾನೆ. ಜಾಡಿ ಬಿಟ್ಟು ನಾನು ಬರುವುದಿಲ್ಲ ಎಂದು ಮುದುಕಿ ಹೊಸ್ತಿಲಲ್ಲಿ ಕೂತುಬಿಡುತ್ತಾಳೆ. ಕೊನೆಗೆ ಅದು ಮೊಮ್ಮಗಳ ಬೆನ್ನೇರುತ್ತದೆ.

ಅಲ್ಲಿಯವರೆಗೆ ಕೊರಿಯಾ ಎಂದರೆ ನನಗೆ ಫ್ರಿಜ್ಜು, ಟೀವಿ, ಮತ್ತು ಎಂಬತ್ತರ ದಶಕದಲ್ಲಿ ಇಲ್ಲಿ ರಸ್ತೆ ಹಾಕಲು ಬಂದಿದ್ದ ಹಳದಿ ಹೆಲ್ಮೆಟ್ಟಿನ ಮಂದಿ. ಆ ಹೆಲ್ಮೆಟ್ಟಿನವರಿಗೂ ಊರಲ್ಲಿ ಒಬ್ಬ ಅಜ್ಜಿ, ಅಜ್ಜಿಗೊಂದು ಜಾಡಿ ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ಬರೆದವರು ಯಾರೋ, ಎಲ್ಲಿಯವರೋ, ಅವರ ಕೈಗೊಂದು ನಮಸ್ಕಾರ ಹಾಕಬೇಕು ಅನಿಸಿತು. ಮಕ್ಕಳ ಪುಸ್ತಕವೆಂದು ಎಲ್ಲಿಯೂ ಸಕ್ಕರೆ ಸವರಿಲ್ಲ. ಚಳಿ ಎಂದರೆ ಚಳಿ, ಹಸಿವೆ ಎಂದರೆ ಹಸಿವೆ. ಆದರೂ ಓದುವ ಮಗುವಿನ ಕೈ ಬಿಟ್ಟಿಲ್ಲ.

ರೆನಿಟಾಗೆ ಮಾತ್ರ ಆ ಜಾಡಿ ನಗು ತರಿಸಿತು. ಯುದ್ಧದ ನಡುವೆ ಉಪ್ಪಿನಕಾಯಿ ಹೊತ್ತುಕೊಂಡು ಹೋಗುವ ಪೆದ್ದರು ಯಾರಾದರೂ ಇರುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾವು ಕೊಂಕಣಿಯಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಮೂಲೆಯಲ್ಲಿ ಹೊಲಿಗೆ ಮೆಶಿನಿನ ಮುಂದೆ ಕೂತಿದ್ದ ಲಿಲ್ಲಿ ತಲೆಯೆತ್ತದೆ, ನಿನ್ನ ಡ್ಯಾಡಿಯನ್ನು ಕೇಳು, ಅವರಿಗೆ ಗೊತ್ತುಂಟು ಅಂದಳು. ನಾನು ಕೆಮ್ಮಿದೆ.

ಕೆಮ್ಮಲು ಕಾರಣವಿತ್ತು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಬಂದಾಗ ನಾವು ಇದೇ ಹವಲ್ಲಿಯಲ್ಲಿದ್ದೆವು. ನಾನು, ಲಿಲ್ಲಿ, ಮೂರು ವರ್ಷದ ಮಗ ರೋಶನ್. ರೆನಿಟಾ ಇನ್ನೂ ಹುಟ್ಟಿರಲಿಲ್ಲ. ಬಸ್ಸು ಹತ್ತಿ ಬಸ್ರಾ, ಬಾಗ್ದಾದು ದಾಟಿ, ಜೋರ್ಡಾನಿನ ಗಡಿಯ ಮರಳುಗಾಡಿನ ಡೇರೆಗಳಲ್ಲಿ ಕೊಳೆತು, ಕೊನೆಗೆ ಅಮ್ಮಾನಿನಿಂದ ಮುಂಬಯಿಗೆ ಹಾರಿ ಬಂದವರು. ಯುದ್ಧ ಮುಗಿದ ಮೇಲೆ ಹೊಸ ಇಕಾಮಾ, ಅಂದರೆ ವಾಸದ ಪರವಾನಗಿ, ಮಾಡಿಸಿಕೊಂಡು ವಾಪಸ್ಸು ಬಂದೆವು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾರ ಮಗುವಿನ ಬ್ಯಾಪ್ಟಿಸಮ್ ಇರಲಿ, ಫಿಂಟಾಸಿನ ಕಡಲತೀರದಲ್ಲಿ ಪಿಕ್‌ನಿಕ್ಕಿರಲಿ, ಊಟದ ನಂತರ ಯಾರಾದರೂ ಒಬ್ಬರು ಆ ಹಾಲಿನ ಕಥೆ ಹೇಳಿ ಮಾರಾಯ್ರೆ ಅನ್ನಬೇಕು, ನಾನು ಕಾಲು ಚಾಚಿ ಶುರು ಮಾಡಬೇಕು.

ಹಾಲಿನ ಕಥೆ ಹೀಗೆ. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಓಡುವಾಗ, ದೂರದೃಷ್ಟಿಯುಳ್ಳ ನಾನು ಒಂದು ಪೆಟ್ಟಿಗೆ ತುಂಬ ಹಾಲಿನ ಪುಡಿ ಕಟ್ಟಿಕೊಂಡೆ. ಗಡಿಯ ಡೇರೆಯಲ್ಲಿ ಮಕ್ಕಳು ಅಳುವಾಗ ಪೆಟ್ಟಿಗೆ ಬಿಚ್ಚಿದೆ. ಎರಡು ದಿನ ಸಾಲು ಸಾಲು ಮಕ್ಕಳಿಗೆ ಹಾಲು. ಕೊನೆಯಲ್ಲಿ ಒಂದು ನಗುವಿನ ತುಂಡನ್ನೂ ಸೇರಿಸುತ್ತಿದ್ದೆ: ಅಷ್ಟು ಉಪಕಾರ ಮಾಡಿದ ನನ್ನ ಪೆಟ್ಟಿಗೆಯಿಂದಲೇ ಯಾರೋ ಪುಣ್ಯಾತ್ಮ ಭಾವನಿಗೆಂದು ಇಟ್ಟಿದ್ದ ಸಫಾರಿ ಬಟ್ಟೆಯನ್ನು ಎಗರಿಸಿದ್ದ. ಎಲ್ಲರೂ ನಗುತ್ತಿದ್ದರು. ನಾನು ಈ ಕಥೆ ಶುರು ಮಾಡಿದಾಗಲೆಲ್ಲ ಲಿಲ್ಲಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಈಗ ಆ ಕಥೆಗೆ ಕಂಟಕ ಬಂದದ್ದು ರೆನಿಟಾಳ ಟೀಚರಿನಿಂದ. ಪುಸ್ತಕ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಪಾರಾಗಿ ಬಂದದ್ದುಂಟಾ ಎಂದು ಕೇಳಿ, ಬರೆದು, ಕ್ಲಾಸಿನ ಮುಂದೆ ನಿಂತು ಹೇಳಬೇಕಂತೆ. ರೆನಿಟಾ ಕೇಳುವ ಗೋಜಿಗೇ ಹೋಗಲಿಲ್ಲ, ಅವಳಿಗೆ ಹಾಲಿನ ಕಥೆ ಬಾಯಿಪಾಠ. ಎರಡು ಪುಟ ಬರೆದು ನನಗೆ ಓದಿ ಹೇಳಿದಳು. ‘ಕೊರಿಯಾದ ಅಜ್ಜಿ ತನ್ನ ಆಸೆಗೆ ಜಾಡಿ ಹೊತ್ತಳು, ನನ್ನ ಡ್ಯಾಡಿ ಬೇರೆಯವರ ಮಕ್ಕಳಿಗಾಗಿ ಪೆಟ್ಟಿಗೆ ಹೊತ್ತರು’ ಎಂದಿತ್ತು ಕೊನೆಯ ಸಾಲು. ನನ್ನ ಮುಖ ನೋಡಿ, ಚೆನ್ನಾಗಿದೆಯಾ ಎಂದು ಕೇಳಿದಳು. ಆ ಕಣ್ಣುಗಳಲ್ಲಿದ್ದ ಅಭಿಮಾನ ನೋಡಲಾರದೆ ನಾನು ಚಹಾದ ಕಪ್ಪು ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋದೆ.

ಯಾಕೆಂದರೆ ನಡೆದದ್ದು ಹಾಗಲ್ಲ. ಆ ಪೆಟ್ಟಿಗೆಯೂ ಆಗ ನಮ್ಮ ಟೀಪಾಯಿಯೇ ಆಗಿತ್ತು. ಸೆಪ್ಟೆಂಬರಿನಲ್ಲಿ ತಂಗಿಯ ಮದುವೆ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಅವಳ ತಲೆಗೆ ತೆಂಗಿನ ಹಾಲು ಎರೆಯಲು ಅಣ್ಣ ಕುವೈತಿನಿಂದ ಬರುತ್ತಾನೆಂದು ಊರಿಡೀ ಗೊತ್ತಿತ್ತು. ಸೋಪು, ಪೌಡರು, ಕೊಡೆ, ಕಂಬಳಿ, ಭಾವನಿಗೆ ಸಫಾರಿ ಬಟ್ಟೆ, ಅಮ್ಮನಿಗೊಂದು ಅಕ್ಕನಿಗೊಂದು ಹಾಲಿನ ಪುಡಿಯ ಡಬ್ಬಿ, ಎಲ್ಲ ತುಂಬಿಯಾಗಿತ್ತು. ನಾಳೆ ಬೆಳಿಗ್ಗೆ ಬಸ್ಸು ಬಿಡುತ್ತದೆ ಎಂದು ಸುದ್ದಿ ಬಂದಾಗ ಲಿಲ್ಲಿ ರೊಟ್ಟಿ ಸುಟ್ಟಳು, ಪಾಸ್‌ಪೋರ್ಟುಗಳನ್ನು ರೋಶನನ ಅಂಗಿಯ ಒಳಗೆ ಹೊಲಿದಳು, ದೊಡ್ಡ ಕ್ಯಾನಿನಲ್ಲಿ ನೀರು ತುಂಬಿಸಿದಳು. ನಾನು ಪೆಟ್ಟಿಗೆಯ ಬಾಯಿ ಮುಚ್ಚುವುದು ಹೇಗೆಂದು ನೋಡುತ್ತಿದ್ದೆ. ಗಲ್ಫಿನಿಂದ ಖಾಲಿ ಕೈಯಲ್ಲಿ ಊರಿಗೆ ಹೋಗುವುದು ಹೇಗೆ? ಯುದ್ಧವಂತೆ, ಇರಬಹುದು, ಆದರೆ ಭಾವ ಏನಂದುಕೊಂಡಾನು? ಹಗ್ಗ ಸಾಲದೆ ಹಮೀದಾಕನ ಅಂಗಡಿಗೆ ಇಳಿದು ಹೋದೆ. ಅರ್ಧ ಖಾಲಿಯಾಗಿದ್ದ ಅಂಗಡಿಯಲ್ಲಿ ನಿಂತು ಅವರ ಜೊತೆ ಅರ್ಧ ಗಂಟೆ ಗೋಳು ಹೇಳಿಕೊಂಡು, ಹಗ್ಗ ತಂದು, ಜೀವಮಾನದಲ್ಲೇ ಅತ್ಯಂತ ಚಂದದ ಗಂಟುಗಳನ್ನು ಹಾಕಿದೆ. ಆಮೇಲೆ ಆರೂ ಬದಿಗೆ ಹೆಸರು ಬರೆದೆ.

ಬೆಳಿಗ್ಗೆ ಬಸ್ಸಿನ ತಾರಸಿಯ ಮೇಲೆ ಒಂದು ಕುಟುಂಬಕ್ಕೆ ಒಂದೇ ಸಾಮಾನು ಎಂದುಬಿಟ್ಟ ಡ್ರೈವರ್. ಲಿಲ್ಲಿ ಮಗುವನ್ನೆತ್ತಿಕೊಂಡು ಒಳಗೆ ಸೀಟು ಹಿಡಿಯಲು ಹೋಗಿದ್ದಳು. ನನ್ನ ಒಂದು ಬದಿಗೆ ಪೆಟ್ಟಿಗೆ, ಇನ್ನೊಂದು ಬದಿಗೆ ನೀರಿನ ಕ್ಯಾನು. ಯಲ್ಲಾ ಯಲ್ಲಾ ಎಂದು ಅವನು ಕೂಗುತ್ತಿದ್ದ. ನಾನು ಪೆಟ್ಟಿಗೆ ಎತ್ತಿಕೊಟ್ಟೆ. ಕ್ಯಾನು ಕಟ್ಟಡದ ಮೆಟ್ಟಿಲಿನ ಬುಡದಲ್ಲಿ ಉಳಿಯಿತು. ಒಳಗೆ ಬಂದಾಗ, ನೀರು ಮೇಲೆ ಹಾಕಿದ್ರಾ ಎಂದು ಲಿಲ್ಲಿ ಕೇಳಿದಳು. ಹಾಕಿದೆ ಅಂದೆ.

ಇರಾಕಿನ ಊರುಗಳಲ್ಲಿ ಹೇಗೋ ನಡೆಯಿತು, ಅಲ್ಲಲ್ಲಿ ನೀರು ಸಿಕ್ಕಿತು. ಗಡಿಯಲ್ಲಿ ಬಸ್ಸು ನಮ್ಮನ್ನು ಇಳಿಸಿ ಹಿಂದೆ ತಿರುಗಿತು. ಮುಂದೆ ಮರಳು, ಡೇರೆಗಳು, ಜನವೋ ಜನ. ನೀರಿನ ಲಾರಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮೊದಲ ದಿನ ಬರಲಿಲ್ಲ. ರೋಶನನಿಗೆ ಜ್ವರ, ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಕ್ಯಾನು ತನ್ನಿ ಅಂದಳು ಲಿಲ್ಲಿ. ಆಗ ಹೇಳಲೇಬೇಕಾಯಿತು. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಚೀಲದಿಂದ ಹೊಲಿಗೆಯ ಕತ್ತರಿ ತೆಗೆದು ನನ್ನ ಚಂದದ ಗಂಟುಗಳನ್ನೆಲ್ಲ ಕಚಕಚನೆ ಕತ್ತರಿಸಿದಳು. ಕೊಡೆ ಬಿಡಿಸಿ ಮಗುವಿಗೆ ನೆರಳು ಮಾಡಿದಳು. ಹಾಲಿನ ಪುಡಿಯ ಡಬ್ಬಿ ಹಿಡಿದುಕೊಂಡು ಡೇರೆಯಿಂದ ಡೇರೆಗೆ ಹೋದಳು. ಒಬ್ಬ ಬಂಗಾಳಿ ಭಾಯಿಯ ಹತ್ತಿರ ಎರಡು ಡಬ್ಬ ನೀರಿತ್ತು, ಅವನ ಮಕ್ಕಳಿಗೆ ಹಾಲಿರಲಿಲ್ಲ. ಅಲ್ಲಿಂದ ಶುರುವಾಯಿತು. ನೀರಿದ್ದವರು ನೀರು ತಂದರು, ಇವಳು ಪುಡಿ ಕದಡಿದಳು, ಮಕ್ಕಳು ಸಾಲು ನಿಂತರು. ನಾನು ಪಕ್ಕದಲ್ಲಿ ಕೂತು ತುಂಡಾದ ಹಗ್ಗವನ್ನು ಸುತ್ತಿ ಸುತ್ತಿ ಇಡುತ್ತಿದ್ದೆ. ಹಾಲಿನ ಕಥೆಯಲ್ಲಿ ನನ್ನ ನಿಜವಾದ ಪಾತ್ರ ಅಷ್ಟೇ.

ರೆನಿಟಾ ಮಲಗಿದ್ದಳೋ ಆಟಕ್ಕೆ ಹೋಗಿದ್ದಳೋ, ಮರುದಿನ ನಾನೊಬ್ಬನೇ ಆ ಪುಸ್ತಕ ಹಿಡಿದು ಕೂತೆ. ಕಥೆಯಲ್ಲಿ ಅವರು ಹೆಪ್ಪುಗಟ್ಟಿದ ನದಿಯನ್ನು ದಾಟುತ್ತಿದ್ದಾರೆ. ಯುನ್‌ಹೀಗೆ ಸಾಕಾಗಿದೆ, ಬೆನ್ನು ಉರಿಯುತ್ತಿದೆ. ಯಾರೂ ನೋಡದಾಗ ಜಾಡಿಯನ್ನು ಮಂಜುಗಡ್ಡೆಯ ಮೇಲೆ ಇಟ್ಟು ನಡೆದುಬಿಡುತ್ತಾಳೆ. ಸಿಪಾಯಿ ಕಿತ್ತುಕೊಂಡ ಎಂದು ಅಜ್ಜಿಗೆ ಸುಳ್ಳು ಹೇಳುತ್ತಾಳೆ. ಆಮೇಲೆ ಎರಡು ದಿನ ಅವಳಿಗೆ ಊಟ ಇಳಿಯುವುದಿಲ್ಲ. ಮೂರನೆಯ ದಿನ, ಪಾಳುಬಿದ್ದ ಕೊಟ್ಟಿಗೆಯೊಂದರಲ್ಲಿ ಎಲ್ಲರೂ ಮುದುಡಿ ಕೂತಿರುವಾಗ, ‘ಅಜ್ಜೀ, ಸಿಪಾಯಿ ಅಲ್ಲ, ನಾನೇ ಬಿಟ್ಟೆ’ ಅನ್ನುತ್ತಾಳೆ ಹುಡುಗಿ. ಅಜ್ಜಿ ಆ ಹುಡುಗಿಯ ತಣ್ಣಗಾದ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆಚ್ಚಗೆ ಮಾಡುತ್ತಾಳೆ.

ಡಿಕ್ಷನರಿ ಬೇಕಾಗಲಿಲ್ಲ ನನಗೆ ಆ ಪುಟಕ್ಕೆ. ಹನ್ನೊಂದು ವರ್ಷದ ಹುಡುಗಿಗೆ ಮೂರು ದಿನದಲ್ಲಿ ಬಂದ ಧೈರ್ಯ ನನಗೆ ಹದಿನಾಲ್ಕು ಹದಿನೈದು ವರ್ಷವಾದರೂ ಬಂದಿರಲಿಲ್ಲ. ಕಾಗದದ ಮೇಲಿನ ಆ ಹುಡುಗಿಯ ಮುಂದೆ ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ. ಮಗಳ ಕಣ್ಣಿನಲ್ಲಿ ಸಣ್ಣವನಾಗಬೇಕಲ್ಲ ಎಂಬ ಹೆದರಿಕೆ ಒಂದು ಕಡೆ. ಇಡೀ ಕ್ಲಾಸಿನ ಮುಂದೆ ಅವಳು ನನ್ನ ಸುಳ್ಳನ್ನು ತನ್ನ ಬಾಯಲ್ಲಿ ಹೇಳುತ್ತಾಳಲ್ಲ ಎಂಬ ಸಂಕಟ ಇನ್ನೊಂದು ಕಡೆ. ಮರುದಿನವೇ ಶಾಲೆ.

ಸಂಜೆ ಚಹಾ ಕುಡಿದ ಮೇಲೆ, ಆ ಕಾಗದ ಇತ್ತ ಕೊಡು, ಅದರಲ್ಲಿ ಒಂದು ತಪ್ಪುಂಟು ಅಂದೆ.

“ಸ್ಪೆಲ್ಲಿಂಗಾ?” ಅಂದಳು.

“ಅಲ್ಲ. ತಪ್ಪು ಡ್ಯಾಡಿಯದ್ದು.”

ಹೇಳಿದೆ. ಸಫಾರಿ ಬಟ್ಟೆ, ಭಾವ, ಮೆಟ್ಟಿಲಿನ ಬುಡದ ಕ್ಯಾನು, ಹಾಕಿದೆ ಎಂದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಮೂಲೆಯಲ್ಲಿ ಹೊಲಿಗೆ ಮೆಶಿನು ನಿಂತುಹೋದದ್ದು ಕೇಳಿಸಿತು. ರೆನಿಟಾ ಕೇಳಿದ ಪ್ರಶ್ನೆ, ಅಪರೂಪಕ್ಕೆ, ನಮ್ಮ ಭಾಷೆಯಲ್ಲೇ ಇತ್ತು.

“ಮತ್ತೆ ರೋಶನ್ ಎಂತ ಕುಡಿದ?”

ಒಂದು ದಿನ ಏನೂ ಇರಲಿಲ್ಲ ಎಂದು ಹೇಳಿದೆ. ಅವಳ ಅಣ್ಣ ಆಗ ಊರಲ್ಲಿ ಕಾಲೇಜಿಗೆ ಹೋಗುತ್ತಿದ್ದ, ದಿವ್ಯವಾಗಿ ಆರಡಿ ಬೆಳೆದಿದ್ದ. ಆದರೂ ಆ ಒಡೆದ ತುಟಿ ನನ್ನ ಕಣ್ಣ ಮುಂದೆ ಹಾಗೆಯೇ ಇತ್ತು. ರೆನಿಟಾ ಪೆನ್ಸಿಲು ತೆಗೆದು ತನ್ನ ಎರಡು ಪುಟಗಳ ಮೇಲೆ ಉದ್ದಕ್ಕೆ ಗೀಟು ಎಳೆದಳು. ಪೊಲೀಸರ ಹಾಗೆ ವಿಚಾರಣೆ ಶುರು ಮಾಡಿದಳು. ಹಾಲಿನ ಪುಡಿ ಎಷ್ಟು ಡಬ್ಬಿ ಇತ್ತು? ಎರಡು, ಅಮ್ಮನಿಗೊಂದು, ಅಕ್ಕನಿಗೊಂದು. ಎಷ್ಟು ದಿನ ಕೊಟ್ಟಿರಿ? ಎರಡು ದಿನ. ಎಷ್ಟು ಮಕ್ಕಳಿಗೆ? ಅಯ್ಯೋ, ಸಾಲು ನಿಂತಿತ್ತು ಮಗಳೇ, ಕೊನೆಯೇ ಕಾಣುತ್ತಿರಲಿಲ್ಲ. ಅವಳು ಪೆನ್ಸಿಲು ಕೆಳಗಿಟ್ಟಳು. ಎರಡು ಡಬ್ಬಿಯಲ್ಲಿ ಅಷ್ಟು ಮಕ್ಕಳಿಗೆ ಹೇಗೆ ಸಾಲುತ್ತದೆ ಎಂದು ಕೇಳಿದಳು.

ಇಷ್ಟು ವರ್ಷ ಆಫೀಸಿನಲ್ಲಿ ಕೂಡುವುದು ಕಳೆಯುವುದನ್ನೇ ಕಸುಬು ಮಾಡಿಕೊಂಡ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ, ನೋಡಿ. ಬಾಯಿ ತೆರೆದು ಲಿಲ್ಲಿಯತ್ತ ತಿರುಗಿದೆ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತುಂಡು ಮಾಡಿ, ಎಂಟು ಇತ್ತು ಅಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಗಲಾಟೆ ಶುರುವಾದ ವಾರವೇ ಹಮೀದಾಕನ ಅಂಗಡಿಯಿಂದ ಆರು ಡಬ್ಬಿ ತಂದು ಮಂಚದಡಿಯಲ್ಲಿ ಇಟ್ಟಿದ್ದಳಂತೆ. ನಾನು ಹಗ್ಗ ತರಲು ಕೆಳಗೆ ಹೋದ ಆ ಅರ್ಧ ಗಂಟೆಯಲ್ಲಿ ಪೆಟ್ಟಿಗೆಯ ಮೇಲಿನದನ್ನೆಲ್ಲ ತೆಗೆದು, ಆರನ್ನೂ ತಳದಲ್ಲಿ ಜೋಡಿಸಿ, ಮತ್ತೆ ಮೊದಲಿನ ಹಾಗೆಯೇ ತುಂಬಿಸಿಟ್ಟಳಂತೆ.

“ಬೆಂಕಿ ಬಿದ್ದರೂ ನಿನ್ನ ಡ್ಯಾಡಿ ಆ ಬಾಕ್ಸ್ ಬಿಡುವ ಜನ ಅಲ್ಲ. ಅದಕ್ಕೆ ಬೇಕಾದ್ದನ್ನು ಅದರೊಳಗೇ ಹಾಕಿದೆ.”

“ಸಫಾರಿ ಬಟ್ಟೆ?” ಅಂದೆ ನಾನು.

“ಜಾಗ ಸಾಲ್ಲಿಲ್ಲ. ಮೆಶಿನಿನ ಮೇಲೆ ಇಟ್ಟು ಬಂದೆ.”

ಯಾವುದೋ ಡೇರೆಯ ಯಾವುದೋ ಬಡಪಾಯಿಯನ್ನು ನಾನು ಅಷ್ಟು ವರ್ಷ ಎಲ್ಲ ಪಿಕ್‌ನಿಕ್ಕುಗಳಲ್ಲಿ ಕಳ್ಳನನ್ನಾಗಿ ಮಾಡಿದ್ದೆ. ಆ ಪಾಪ ಬೇರೆ. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಅಷ್ಟೆಲ್ಲ ಬುದ್ಧಿ ಇದ್ದವಳು ಎರಡು ಬಾಟಲಿ ನೀರನ್ನೂ ಅದರೊಳಗೇ ಹಾಕಬಹುದಿತ್ತಲ್ಲ ಎಂದು ಕೇಳಿಬಿಟ್ಟೆ.

ಲಿಲ್ಲಿ ನನ್ನನ್ನು ನೋಡಿದಳು. ಗಡಿಯಲ್ಲಿ ನೋಡಿದ್ದಳಲ್ಲ, ಅದೇ ನೋಟ.

“ನೀರು ನಿಮ್ಮ ಹತ್ತಿರ ಹೇಳಿದ್ದೆ” ಅಂದಳು.

ನನ್ನ ಹೆಂಡತಿಯನ್ನು ನಾನು ಮದುವೆಯಾದಾಗ ಇಷ್ಟಪಟ್ಟಿದ್ದೆ, ಆದರೆ ಮೆಚ್ಚುವುದು ಎಂದರೆ ಏನೆಂದು ಗೊತ್ತಾದದ್ದು ಆ ಸಂಜೆ. ನಾನು ಬಿಡಲಾರದ್ದು ಯಾವುದೆಂದು ತಿಳಿದುಕೊಂಡು, ಜಗಳವಾಡದೆ, ಆ ಹುಚ್ಚನ್ನೇ ಗಾಡಿ ಮಾಡಿಕೊಂಡು ಮಗುವಿನ ಹಾಲನ್ನು ಅದರಲ್ಲಿ ಹೇರಿ ಕಳಿಸಿದವಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಅಷ್ಟು ಚಂದ ಮಾಡಿ ಹೇಳುತ್ತಿದ್ದಿರಿ, ಕೇಳಿದವರೂ ಖುಷಿಯಾಗುತ್ತಿದ್ದರು, ನಡುವೆ ನಾನೆಂತ ಹೇಳುವುದು ಎಂದು ಮೆಶಿನು ತುಳಿಯಲು ಶುರು ಮಾಡಿದಳು.

ರೆನಿಟಾ ಆ ದಿನ ಹೊಸದಾಗಿ ಬರೆದಳು, ನನಗೆ ಓದಿ ಹೇಳಲಿಲ್ಲ. ಮರುದಿನ ಶಾಲೆ ಬಿಡುವ ಹೊತ್ತಿಗೆ ನಾನು ಆಫೀಸಿನಿಂದ ರಜೆ ಹಾಕಿ ಬಂದು ಬಾಲ್ಕನಿಯಲ್ಲಿ ಕಾಯುತ್ತಿದ್ದೆ. ಅವಳು ಬ್ಯಾಗು ಬಿಸಾಡಿ, ಶೂ ಬಿಚ್ಚಿ, ನೀರು ಕುಡಿದು, ಎಲ್ಲ ಮುಗಿಸಿ ಬಂದಳು. ಸಫಾರಿ ಬಟ್ಟೆಗೆ ಎಲ್ಲರೂ ನಕ್ಕರಂತೆ. ಕ್ಯಾನಿನ ವಿಷಯ ಬಂದಾಗ ಯಾರೂ ನಗಲಿಲ್ಲವಂತೆ. ಮಮ್ಮಿಗೆ ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರಂತೆ. ಕೊರಿಯಾದ ಅಜ್ಜಿಯನ್ನು ಪೆದ್ದಿ ಎಂದದ್ದು ತಪ್ಪು ಎಂದೂ ಹೇಳಿ ಬಂದಳಂತೆ.

ನನ್ನ ವಿಷಯ ಎಂತ ಹೇಳಿದೆ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಆದರೂ ಕೇಳಿದೆ.

“ಹೊತ್ತದ್ದು ಡ್ಯಾಡಿ ಅಂತ ಹೇಳಿದೆ” ಅಂದಳು.

ಪುಸ್ತಕ ಲೈಬ್ರರಿಗೆ ಹೋಯಿತು. ಯುನ್‌ಹೀ ಮತ್ತು ಅವಳ ಮನೆಯವರು ಕೊನೆಗೆ ದಕ್ಷಿಣ ತಲುಪಿದರು. ಜಾಡಿ ಇಲ್ಲದ ಅಜ್ಜಿ ಹೊಸ ಊರಿನಲ್ಲಿ ಮೊದಲು ಮಾಡಿದ ಕೆಲಸ ಸೋಯಾ ಕಾಳು ನೆನೆಹಾಕಿದ್ದು. ನಾನು ಈಗಲೂ ಹಾಲಿನ ಕಥೆ ಹೇಳುತ್ತೇನೆ, ಸರಿಯಾದದ್ದನ್ನು. ಲಿಲ್ಲಿ ಈಗ ಅಡುಗೆಮನೆಗೆ ಹೋಗುವುದಿಲ್ಲ, ಅಲ್ಲೇ ಕೂತು ಕೇಳುತ್ತಾಳೆ, ಡಬ್ಬಿಯ ಲೆಕ್ಕ ತಪ್ಪಿದರೆ ತಿದ್ದುತ್ತಾಳೆ.

ಪೆಟ್ಟಿಗೆ ಕಟ್ಟುವುದನ್ನೂ ಬಿಟ್ಟಿಲ್ಲ. ಪ್ರತಿ ವರ್ಷ ಜೂನ್ ಕೊನೆಗೆ ಕ್ರೋಶಾ ಬಟ್ಟೆ ತೆಗೆದು, ತುಂಬಬೇಕಾದದ್ದನ್ನೆಲ್ಲ ತುಂಬಿ, ಬಾಯಿ ಮುಚ್ಚುವ ಮೊದಲು ಲಿಲ್ಲಿಗೆ ಕೇಳುವ ಹಾಗೆ, ಹಗ್ಗ ಸಾಲದು, ಕೆಳಗೆ ಹೋಗಿ ತರುತ್ತೇನೆ ಎಂದು ಹೇಳಿ ಇಳಿಯುತ್ತೇನೆ. ಹಮೀದಾಕನ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಒಂದು ಸುಲೈಮಾನಿ ಚಹಾ ಕುಡಿದು ಬರುತ್ತೇನೆ. ಹಗ್ಗ ಮನೆಯಲ್ಲೇ ಇರುತ್ತದೆ.